ಯಾರ ಆಟ, ಯಾರ ಮೈದಾನ: ಭಾರತೀಯ ಕ್ರಿಕೆಟ್ ನಡೆದು ಬಂದ ದಾರಿ



ದತ್ತಿ ಉಪನ್ಯಾಸಗಳಿಗೆ ಸಾಹಿತ್ಯ, ಇತಿಹಾಸ, ಸಮಾಜಸುಧಾರಣೆಯಂಥ ವಿಷಯಗಳನ್ನು ಆರಿಸಿಕೊಳ್ಳುವುದು ವಾಡಿಕೆ. ಕ್ರಿಕೆಟ್ಟಿನ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಸಂತೋಷದಿಂದ ಒಪ್ಪಿದರು. ಅವರಿಗೆ ನನ್ನ ವಂದನೆಗಳು. ಈ ಆಟದ ಚರಿತ್ರೆಯಲ್ಲಿ ಇತಿಹಾಸವೂ ಇದೆ, ಸಮಾಜಸುಧಾರಣೆಯೂ ಇದೆ ಎಂದು ಬಲವಾಗಿ ನಂಬಿದವನು ನಾನು. ಆ ನಂಬಿಕೆಗೆ ಆಧಾರವೇನು ಎಂಬುದನ್ನು ನಿಮ್ಮ ಮುಂದಿಡಲು ಬಂದಿದ್ದೇನೆ.

ಭಾರತೀಯ ಕ್ರಿಕೆಟ್ ಹೇಗೆ ಬೆಳೆಯಿತು ಎಂದು ಕೇಳಿದರೆ ಕೆಲವರು ದೊಡ್ಡ ಆಟಗಾರರ ಹೆಸರು ಹೇಳುತ್ತಾರೆ, ಕೆಲವರು ದುಡ್ಡಿನ ಮಾತು ತೆಗೆಯುತ್ತಾರೆ. ಎರಡರಲ್ಲೂ ಸತ್ಯಾಂಶವಿದೆ. ಆದರೆ ಒಂದೂಮುಕ್ಕಾಲು ಶತಮಾನದ ಈ ಕಥೆಯನ್ನು ಮೊದಲಿನಿಂದ ನೋಡುತ್ತ ಬಂದರೆ ನನಗೆ ಮತ್ತೆ ಮತ್ತೆ ಕಾಣುವುದು ಬೇರೊಂದು ಸಂಗತಿ. ಅದುವರೆಗೆ ಹೊರಗೆ ನಿಂತಿದ್ದವರು ಒಳಗೆ ಬಂದಾಗಲೆಲ್ಲ ನಮ್ಮ ಕ್ರಿಕೆಟ್ ಒಂದು ಮೆಟ್ಟಿಲು ಮೇಲೇರಿದೆ. ಯಾರೂ ಕೈಹಿಡಿದು ಕರೆದದ್ದರಿಂದ ಅವರು ಬರಲಿಲ್ಲ, ತಮ್ಮ ಆಟದ ಬಲದಿಂದ ಬಂದರು.

ಮೊದಲ ಜಗಳ, ಮೊದಲ ಬೌಲರ್

ಇಂಗ್ಲಿಷರು ಈ ಆಟವನ್ನು ತಮಗಾಗಿ ತಂದುಕೊಂಡರು. ನಮಗೆ ಕಲಿಸುವ ಉದ್ದೇಶ ಅವರಿಗಿರಲಿಲ್ಲ. ಮುಂಬಯಿಯ ಪಾರ್ಸಿಗಳು ಅವರನ್ನು ನೋಡಿ ತಾವೇ ಕಲಿತು 1848ರಲ್ಲಿ ಓರಿಯಂಟಲ್ ಕ್ರಿಕೆಟ್ ಕ್ಲಬ್ ಕಟ್ಟಿದರು. 1886ರಲ್ಲಿ, ಮತ್ತೆ 1888ರಲ್ಲಿ ಸ್ವಂತ ಖರ್ಚಿನಲ್ಲಿ ಇಂಗ್ಲೆಂಡಿಗೆ ಹೋಗಿ ಆಡಿ ಬಂದರು. ಪಾರ್ಸಿಗಳನ್ನು ನೋಡಿ ಹಿಂದೂಗಳು, ಆಮೇಲೆ ಮುಸ್ಲಿಮರು ಆಟಕ್ಕಿಳಿದರು. ಆಡುವ ಜಾಗಕ್ಕಾಗಿ ಮಾತ್ರ ದೊಡ್ಡ ಜಗಳವೇ ನಡೆಯಿತು. ಯುರೋಪಿಯನ್ನರಿಗೆ ಬಾಂಬೆ ಜಿಮ್ಖಾನಾದ ಸ್ವಂತ ಮೈದಾನವಿತ್ತು. ಅವರದ್ದೇ ಜನ ನಮ್ಮವರು ಆಡುತ್ತಿದ್ದ ಬಯಲಿಗೆ ಬಂದು ಪೋಲೊ ಆಡುತ್ತಿದ್ದರು. ಕುದುರೆಗಳ ಗೊರಸಿಗೆ ಸಿಕ್ಕಿ ನೆಲವೆಲ್ಲ ಗುಂಡಿ ಬೀಳುತ್ತಿತ್ತು. ಮುಂಬಯಿಯ ಆಟಗಾರರು ಸಹಿ ಸಂಗ್ರಹಿಸಿ ಸರ್ಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಕೊಟ್ಟರು. ನಮ್ಮ ಕ್ರಿಕೆಟ್ಟಿನ ಮೊದಲ ಹೋರಾಟ ನೆಲದ ಹಕ್ಕಿಗಾಗಿ ನಡೆಯಿತು ಎಂಬುದನ್ನು ನಾವು ಮರೆಯಬಾರದು.

ಈ ಕಾಲಕ್ಕೆ ಸೇರಿದವರು ಪಲ್ವಂಕರ್ ಬಾಲೂ. 1870ರ ದಶಕದಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದರು. ಅಸ್ಪೃಶ್ಯರೆನಿಸಿದ್ದ ಚಮ್ಮಾರ ಸಮುದಾಯದವರು. ಪುಣೆಯಲ್ಲಿ ಬೆಳೆದು, ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಕೆಲಸಕ್ಕೆ ಸೇರಿದರು. ಪಿಚ್ಚಿಗೆ ರೋಲರ್ ಹಾಕುವುದು, ಗುರುತಿನ ಗೆರೆ ಎಳೆಯುವುದು, ಅಭ್ಯಾಸಕ್ಕೆ ಬಲೆ ಕಟ್ಟುವುದು ಅವರ ಕೆಲಸ. ಜೆ. ಜಿ. ಗ್ರೆಗ್ ಎಂಬ ಸೇನಾಧಿಕಾರಿ ಅಭ್ಯಾಸಕ್ಕೆ ಬಂದಾಗ ಬಾಲೂ ಅವರಿಂದ ಬೌಲಿಂಗ್ ಮಾಡಿಸುತ್ತಿದ್ದ. ಆ ಕ್ಲಬ್ಬಿನಲ್ಲಿ ಬ್ಯಾಟ್ ಮುಟ್ಟುವ ಅವಕಾಶ ಅವರಿಗೆ ಸಿಗಲಿಲ್ಲ. ಹಾಗೆ ಗಂಟೆಗಟ್ಟಲೆ ಚೆಂಡು ಎಸೆದೆಸೆದೇ ಅವರು ದೇಶದ ಅತ್ಯುತ್ತಮ ಎಡಗೈ ಸ್ಪಿನ್ನರ್ ಆದರು.

ಯುರೋಪಿಯನ್ನರನ್ನು ಸೋಲಿಸಬೇಕಾದರೆ ಬಾಲೂ ಬೇಕೇ ಬೇಕು ಎಂದು ಪುಣೆಯ ಹಿಂದೂ ಕ್ಲಬ್ಬಿಗೆ ಗೊತ್ತಿತ್ತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟಿದರು. ಚಹಾದ ಹೊತ್ತಿಗೆ ಉಳಿದವರು ಪೆವಿಲಿಯನ್ನಿನೊಳಗೆ ಪಿಂಗಾಣಿ ಬಟ್ಟಲಿನಲ್ಲಿ ಕುಡಿದರೆ, ಬಾಲೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಊಟಕ್ಕೂ ಬೇರೆ ಜಾಗ. 1911ರಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋದಾಗ ಅವರು ಪಡೆದ ವಿಕೆಟ್ಟುಗಳು 114. ಅಷ್ಟಾದರೂ ಹಿಂದೂ ತಂಡದ ನಾಯಕತ್ವವನ್ನು ಅವರಿಗೆ ಕೊಡಲಿಲ್ಲ. ಈ ಅನ್ಯಾಯವನ್ನು ಪ್ರತಿಭಟಿಸಿ 1920ರಲ್ಲಿ ಅವರ ತಮ್ಮಂದಿರಾದ ಶಿವರಾಮ್ ಮತ್ತು ವಿಠಲ್ ತಂಡದಿಂದ ಹೊರಗುಳಿದರು. ಕೊನೆಗೆ 1923ರಲ್ಲಿ ವಿಠಲ್ ನಾಯಕರಾದರು, ತಂಡವನ್ನು ಗೆಲ್ಲಿಸಿಯೂ ತೋರಿಸಿದರು. ಭಾರತ ಮೊದಲ ಟೆಸ್ಟ್ ಆಡಿದ್ದು ಇದೆಲ್ಲ ಆದ ಒಂಬತ್ತು ವರ್ಷಕ್ಕೆ. ದೇಶಕ್ಕೊಂದು ತಂಡ ಬರುವ ಮುಂಚೆಯೇ ಈ ಅಣ್ಣತಮ್ಮಂದಿರು ಆಟದಲ್ಲಿ ಸಮಾನತೆಯ ಪ್ರಶ್ನೆ ಎತ್ತಿದ್ದರು.

ಅರಮನೆಯ ದಿನಗಳು

ಮುಂಬಯಿಯಲ್ಲಿ ತಂಡಗಳು ಮತಧರ್ಮದ ಹೆಸರಿನಲ್ಲಿ ಆಡುತ್ತಿದ್ದವು. 1907ರಲ್ಲಿ ತ್ರಿಕೋನ, 1912ರಲ್ಲಿ ಚತುಷ್ಕೋನ, 1937ರಲ್ಲಿ ಪಂಚಕೋನ ಪಂದ್ಯಾವಳಿ. ಜನ ಕಿಕ್ಕಿರಿದು ಸೇರುತ್ತಿದ್ದರು. ಆದರೆ ಸ್ವಾತಂತ್ರ್ಯ ಹತ್ತಿರವಾದಂತೆ ಈ ವಿಂಗಡಣೆ ಹಲವರಿಗೆ ನೋವು ತಂದಿತು. 1940ರಲ್ಲಿ ಗಾಂಧೀಜಿಯೇ ಅದನ್ನು ವಿರೋಧಿಸಿದರು. 1945-46ರ ಬಳಿಕ ಪಂಚಕೋನ ನಿಂತುಹೋಯಿತು. ಪ್ರಾಂತಗಳ ನಡುವಿನ ರಣಜಿ ಟ್ರೋಫಿ 1934ರಲ್ಲೇ ಶುರುವಾಗಿತ್ತು. ಅದರ ಮೊಟ್ಟಮೊದಲ ಪಂದ್ಯವನ್ನು ಆಡಿದ್ದು ಮದ್ರಾಸು ಮತ್ತು ನಮ್ಮ ಮೈಸೂರು. ಪಂದ್ಯ ಒಂದೇ ದಿನದಲ್ಲಿ ಮುಗಿದು ಮೈಸೂರು ಸೋತಿತು. ಸೋತರೂ ಆ ದಿನದಿಂದ ಆಟಗಾರನನ್ನು ಅವನ ಊರು, ಪ್ರಾಂತದ ಹೆಸರಿನಿಂದ ಗುರುತಿಸುವ ಪದ್ಧತಿ ಬೇರೂರಿತು. ಅದು ಬಹು ದೊಡ್ಡ ತಿರುವು.

ಕ್ರಿಕೆಟ್ ಮಂಡಳಿ 1928ರಲ್ಲಿ ಹುಟ್ಟಿದಾಗ ಅದನ್ನು ಸಾಕಿದವರು ಮಹಾರಾಜರು. ಅವರು ಮೈದಾನ ಕಟ್ಟಿಸಿದರು, ಆಟಗಾರರಿಗೆ ಸಂಬಳ ಕೊಟ್ಟರು. ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ದುಡ್ಡು ಕೊಟ್ಟವರೇ ನಾಯಕರಾಗಬೇಕೆಂಬ ರೂಢಿಯೂ ಅದರ ಜತೆಗೇ ಬಂತು. 1932ರಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಟೆಸ್ಟ್ ನಡೆದಾಗ ಪೋರಬಂದರದ ಮಹಾರಾಜರು ತಾವಾಗಿ ಹಿಂದೆ ಸರಿದು ಸಿ. ಕೆ. ನಾಯುಡು ಅವರಿಗೆ ನಾಯಕತ್ವ ಬಿಟ್ಟುಕೊಟ್ಟರು. ಅಂದು ಬೆಳಿಗ್ಗೆ ಮೊಹಮ್ಮದ್ ನಿಸಾರ್ ವೇಗಕ್ಕೆ ಇಂಗ್ಲೆಂಡ್ ತತ್ತರಿಸಿ 19 ರನ್ನಿಗೆ 3 ವಿಕೆಟ್ ಕಳೆದುಕೊಂಡಿತ್ತು. ನಾಲ್ಕೇ ವರ್ಷಕ್ಕೆ, 1936ರಲ್ಲಿ, ವಿಜಯನಗರಂನ ಮಹಾರಾಜಕುಮಾರರು ನಾಯಕರಾದರು. ತಂಡದ ಅತ್ಯುತ್ತಮ ಆಟಗಾರರಲ್ಲಿ ಒಬ್ಬರಾದ ಲಾಲಾ ಅಮರನಾಥರನ್ನು ಪ್ರವಾಸದ ಮಧ್ಯದಲ್ಲೇ ಮನೆಗೆ ಕಳಿಸಲಾಯಿತು. ಯೋಗ್ಯತೆಗೆ ಬೆಲೆ ಕೊಟ್ಟಾಗ ಏನಾಗುತ್ತದೆ, ಕೊಡದಿದ್ದಾಗ ಏನಾಗುತ್ತದೆ ಎಂಬುದಕ್ಕೆ ಈ ಎರಡು ಪ್ರವಾಸಗಳಿಗಿಂತ ಬೇರೆ ಸಾಕ್ಷಿ ಬೇಡ. ಮೊದಲ ಟೆಸ್ಟ್ ಗೆಲುವಿಗೆ ಭಾರತ ಇಪ್ಪತ್ತು ವರ್ಷ ಕಾಯಬೇಕಾಯಿತು. 1952ರ ಫೆಬ್ರವರಿಯಲ್ಲಿ ಮದ್ರಾಸಿನಲ್ಲಿ ವಿನೂ ಮಂಕಡ್ ಹನ್ನೆರಡು ವಿಕೆಟ್ ಪಡೆದು ಇಂಗ್ಲೆಂಡನ್ನು ಮಣಿಸಿದರು.

ದಕ್ಷಿಣದ ಸ್ಪಿನ್, ಮುಂಬಯಿಯ ಬ್ಯಾಟು

ಸ್ವತಂತ್ರ ಭಾರತದಲ್ಲಿ ಆಟಗಾರರನ್ನು ಸಲಹಿದ್ದು ರೈಲ್ವೆ, ಬ್ಯಾಂಕು, ಕಾರ್ಖಾನೆಗಳ ನೌಕರಿ. ಓದು, ಕೆಲಸ, ಆಟ ಮೂರನ್ನೂ ತೂಗಿಸಿಕೊಂಡು ಹೋಗಬೇಕಾದ ಮಧ್ಯಮವರ್ಗದ ಹುಡುಗರ ಕಾಲ ಅದು. 1962ರಲ್ಲಿ ಮೊದಲ ಟೆಸ್ಟ್ ಆಡಿದ ಎರಪಳ್ಳಿ ಪ್ರಸನ್ನ ಇಂಜಿನಿಯರಿಂಗ್ ಓದು ಮುಗಿಸಲೆಂದು ಕೆಲವು ವರ್ಷ ಟೆಸ್ಟ್ ಕ್ರಿಕೆಟ್ಟಿನಿಂದ ದೂರ ಉಳಿದರು. ಇವತ್ತಿನ ವಿದ್ಯಾರ್ಥಿಗಳಿಗೆ ಇದನ್ನು ನಂಬುವುದೇ ಕಷ್ಟವಾದೀತು.

ಕಾರು ಅಪಘಾತದಲ್ಲಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದ ಮನ್ಸೂರ್ ಅಲಿ ಖಾನ್ ಪಟೌಡಿ 21ರ ವಯಸ್ಸಿಗೇ ನಾಯಕರಾದರು. ಅವರು ನವಾಬರ ಮನೆಯವರೇ. ಆದರೆ ತಂಡದ ಶಕ್ತಿಯನ್ನು ಹುಡುಕಿದ್ದು ಊರೂರಿನ ಸ್ಪಿನ್ನರುಗಳಲ್ಲಿ. ವೇಗದ ಬೌಲರುಗಳಿಲ್ಲ ಎಂದು ಕೊರಗುತ್ತ ಕೂರದೆ, ಇರುವ ಬಲದಿಂದಲೇ ಗೆಲ್ಲೋಣ ಎಂದರು. ಬೇಡಿ, ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಹೆಸರು ಮಾಡಿದ ಕಾಲ ಅದು. 1968ರಲ್ಲಿ ನ್ಯೂಜಿಲೆಂಡಿನಲ್ಲಿ ಭಾರತ ಮೊದಲ ಬಾರಿಗೆ ಹೊರದೇಶದಲ್ಲಿ ಸರಣಿ ಗೆದ್ದಿತು.

ಇವರಲ್ಲಿ ಚಂದ್ರಶೇಖರ್ ಅವರನ್ನು ಕೊಂಚ ಹತ್ತಿರದಿಂದ ನೋಡಬೇಕು. ಬಾಲ್ಯದಲ್ಲಿ ಪೋಲಿಯೊ ತಗುಲಿ ಬಲಗೈ ಬಡಕಲಾಗಿತ್ತು. ಫೀಲ್ಡಿಂಗಿನಲ್ಲಿ ಚೆಂಡನ್ನು ಎಡಗೈಯಿಂದ ಎಸೆಯುತ್ತಿದ್ದರು. ಬೌಲಿಂಗ್ ಮಾತ್ರ ಆ ಬಡಕಲು ಬಲಗೈಯಿಂದಲೇ. ಉದ್ದ ಓಟ ತೆಗೆದುಕೊಂಡು ಬಂದು, ಮಧ್ಯಮ ವೇಗಿಯಷ್ಟು ಬಿರುಸಿನಲ್ಲಿ ಲೆಗ್ ಬ್ರೇಕ್, ಗೂಗ್ಲಿ ಹಾಕುತ್ತಿದ್ದರು. 1971ರ ಆಗಸ್ಟಿನಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್. ಇಂಗ್ಲೆಂಡ್ 101ಕ್ಕೆ ಸರ್ವಪತನ. ಅದೇ ವರ್ಷದ ಆರಂಭದಲ್ಲಿ ವೆಸ್ಟ್ ಇಂಡೀಸಿನಲ್ಲಿ ಸುನಿಲ್ ಗಾವಸ್ಕರ್ ಎಂಬ ಹೊಸ ಹುಡುಗ ನಾಲ್ಕು ಟೆಸ್ಟುಗಳಲ್ಲಿ 774 ರನ್ ಹೊಡೆದಿದ್ದ. ಅಜಿತ್ ವಾಡೇಕರ್ ನಾಯಕತ್ವದ ತಂಡ ಒಂದೇ ವರ್ಷದಲ್ಲಿ ಎರಡು ಬಲಿಷ್ಠ ದೇಶಗಳನ್ನು ಅವರವರ ನೆಲದಲ್ಲೇ ಸೋಲಿಸಿತ್ತು.

ದೇಶದೊಳಗೆ ಆಗ ಮುಂಬಯಿಯದ್ದೇ ರಾಜ್ಯಭಾರ. 1958-59ರಿಂದ ಸತತ ಹದಿನೈದು ವರ್ಷ ರಣಜಿ ಟ್ರೋಫಿ ಅವರ ಕೈ ಬಿಟ್ಟಿರಲಿಲ್ಲ. 1974ರಲ್ಲಿ ಬೆಂಗಳೂರಿನ ಸೆಮಿಫೈನಲ್ಲಿನಲ್ಲಿ ಪ್ರಸನ್ನ ಅವರ ಚೆಂಡಿಗೆ ಗಾವಸ್ಕರ್ ಬೌಲ್ಡ್ ಆದರು. ಭದ್ರಾವತಿಯ ಜಿ. ಆರ್. ವಿಶ್ವನಾಥ್ ಮತ್ತು ಬ್ರಿಜೇಶ್ ಪಟೇಲ್ ಶತಕ ಬಾರಿಸಿದ್ದರು. ಮೊದಲ ಇನಿಂಗ್ಸಿನ ಮುನ್ನಡೆಯಿಂದ ಕರ್ನಾಟಕ ಫೈನಲ್ಲಿಗೆ ಹೋಗಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಟ್ರೋಫಿ ತಂದಿತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಒಂದು ವರ್ಷವೂ ತುಂಬಿರಲಿಲ್ಲ. ನಾವು ಕನ್ನಡಿಗರು ಇದನ್ನು ಅಭಿಮಾನದಿಂದ ನೆನೆಯುತ್ತೇವೆ. ಅದಕ್ಕಿಂತ ದೊಡ್ಡ ಫಲವೊಂದಿತ್ತು. ಮುಂಬಯಿಯನ್ನು ಸೋಲಿಸಬಹುದು ಎಂಬ ಧೈರ್ಯ ಉಳಿದ ರಾಜ್ಯಗಳಿಗೂ ಬಂತು.

1983ರ ಬೇಸಿಗೆ

ಒಂದು ದಿನದ ಪಂದ್ಯ ನಮಗೆ ಬಹಳ ಕಾಲ ಒಗ್ಗಲಿಲ್ಲ. 1975ರ ವಿಶ್ವಕಪ್ಪಿನಲ್ಲಿ ಗಾವಸ್ಕರ್ 60 ಓವರು ಪೂರ್ತಿ ನಿಂತು 174 ಎಸೆತಗಳಲ್ಲಿ 36 ರನ್ ಮಾಡಿದ್ದರು. 1979ರಲ್ಲಿ ಆಗಿನ್ನೂ ಟೆಸ್ಟ್ ಮಾನ್ಯತೆಯಿಲ್ಲದ ಶ್ರೀಲಂಕಾ ಕೂಡ ನಮ್ಮನ್ನು ಸೋಲಿಸಿತು. ವೇಗದ ಬೌಲರುಗಳ ಕೊರತೆ ಎಷ್ಟಿತ್ತೆಂದರೆ, ಹೊಸ ಚೆಂಡಿನ ಹೊಳಪು ತೆಗೆಯಲೆಂದು ಬ್ಯಾಟ್ಸ್‌ಮನ್ನುಗಳಿಂದಲೇ ಎರಡು ಓವರ್ ಹಾಕಿಸಿ ಸ್ಪಿನ್ನರುಗಳನ್ನು ಕರೆಯುತ್ತಿದ್ದ ದಿನಗಳಿದ್ದವು. ಆ ಕೊರತೆಯನ್ನು ನೀಗಿಸಿದವರು ಹರಿಯಾಣದ ಕಪಿಲ್ ದೇವ್. ಅಲ್ಲಿಯವರೆಗೆ ಕ್ರಿಕೆಟ್ ಭೂಪಟದಲ್ಲಿ ಹರಿಯಾಣಕ್ಕೆ ಹೆಸರೇ ಇರಲಿಲ್ಲ.

1983ರ ಜೂನ್ 18, ಟನ್‌ಬ್ರಿಜ್ ವೆಲ್ಸ್. ಜಿಂಬಾಬ್ವೆ ಎದುರು 17 ರನ್ನಿಗೆ 5 ವಿಕೆಟ್ ಬಿದ್ದಿವೆ. ಕಪಿಲ್ ಜತೆ ಮೊದಲು ನಿಂತವರು ನಮ್ಮ ರೋಜರ್ ಬಿನ್ನಿ. ಎಂಟನೆಯ ವಿಕೆಟ್ 140ಕ್ಕೆ ಬಿದ್ದ ಮೇಲೆ ಬಂದವರು ಕರ್ನಾಟಕದ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ. ಇಬ್ಬರೂ ಕೊನೆಯವರೆಗೆ ಔಟಾಗದೆ 126 ರನ್ ಸೇರಿಸಿದರು. ಅದರಲ್ಲಿ ಕಿರ್ಮಾನಿ ಅವರ ಪಾಲು 24. ಕಪಿಲ್ ಅವರದ್ದು ಒಟ್ಟು 175. ಆ 175ರ ಹಿಂದೆ ಈ 24 ಇದ್ದದ್ದನ್ನು ತಿಳಿದವರು ಗೌರವದಿಂದ ಹೇಳುತ್ತಾರೆ. ಆ ದಿನದ ಆಟದ ಚಿತ್ರೀಕರಣವೇ ಆಗಲಿಲ್ಲ. ಒಂದು ವಾರದ ಬಳಿಕ ಲಾರ್ಡ್ಸ್‌ನಲ್ಲಿ 183 ರನ್ ಗಳಿಸಿದ ಭಾರತ, ಎರಡು ಬಾರಿಯ ಚಾಂಪಿಯನ್ ವೆಸ್ಟ್ ಇಂಡೀಸನ್ನು 140ಕ್ಕೆ ಕಟ್ಟಿಹಾಕಿತು. ಆ ವಿಶ್ವಕಪ್ಪಿನಲ್ಲಿ ಅತಿ ಹೆಚ್ಚು, 18 ವಿಕೆಟ್ ಪಡೆದವರು ಬಿನ್ನಿ.

ಗೆದ್ದವರಿಗೆ ತಕ್ಕ ಬಹುಮಾನ ಕೊಡಲು ಮಂಡಳಿಯ ಬಳಿ ಹಣವಿರಲಿಲ್ಲ. ದೆಹಲಿಯಲ್ಲಿ ಲತಾ ಮಂಗೇಶ್ಕರ್ ಅವರ ಸಂಗೀತ ಕಾರ್ಯಕ್ರಮ ಏರ್ಪಡಿಸಿ ಹಣ ಕೂಡಿಸಲಾಯಿತು. ನಾಲ್ಕು ವರ್ಷದ ಬಳಿಕ ವಿಶ್ವಕಪ್ ಮೊದಲ ಬಾರಿಗೆ ಇಂಗ್ಲೆಂಡ್ ಬಿಟ್ಟು ಭಾರತ ಮತ್ತು ಪಾಕಿಸ್ತಾನಕ್ಕೆ ಬಂತು.

ಹಣ ಮತ್ತು ಊರು

ಹಣದ ಹೊಳೆ ಹರಿದದ್ದು ಅಲ್ಲಿಂದ ಮುಂದೆ. ಪ್ರಸಾರದ ಹಕ್ಕಿನ ವ್ಯಾಜ್ಯದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪ್ರಸಾರದ ತರಂಗಾಂತರಗಳು ಸಾರ್ವಜನಿಕ ಆಸ್ತಿ, ಅವುಗಳ ಮೇಲೆ ಸರ್ಕಾರಕ್ಕೆ ಏಕಸ್ವಾಮ್ಯವಿಲ್ಲ ಎಂದಿತು. ಖಾಸಗಿ ಚಾನೆಲ್ಲುಗಳ ಸ್ಪರ್ಧೆ ಮಂಡಳಿಯ ಬೊಕ್ಕಸ ತುಂಬಿಸಿತು. 2008ರ ಏಪ್ರಿಲ್ 18ರಂದು ಬೆಂಗಳೂರಿನಲ್ಲಿ ಐಪಿಎಲ್ ಶುರುವಾಯಿತು. 2023ರಿಂದ 2027ರವರೆಗಿನ ಅದರ ಪ್ರಸಾರದ ಹಕ್ಕುಗಳ ಬೆಲೆ 48,390 ಕೋಟಿ ರೂಪಾಯಿ.

ಹಣದಿಂದಲೇ ಭಾರತ ಗೆಲ್ಲತೊಡಗಿತು ಎನ್ನುವವರಿದ್ದಾರೆ. ನಾನು ಅದನ್ನು ಒಪ್ಪುವುದಿಲ್ಲ. 1971 ಮತ್ತು 1983ರ ಗೆಲುವುಗಳು ಹಣ ಬರುವ ಮುಂಚಿನವು. ಹಣ ಬಂದ ಮೇಲೆ 2000ದಲ್ಲಿ ಮ್ಯಾಚ್ ಫಿಕ್ಸಿಂಗ್, 2013ರಲ್ಲಿ ಸ್ಪಾಟ್ ಫಿಕ್ಸಿಂಗ್ ನಮ್ಮ ತಲೆ ತಗ್ಗಿಸಿದವು. 2007ರ ವಿಶ್ವಕಪ್ಪಿನಲ್ಲಿ ಜಗತ್ತಿನ ಸಿರಿವಂತ ಮಂಡಳಿಯ ತಂಡ ಮೊದಲ ಸುತ್ತಿನಲ್ಲೇ ಮನೆಗೆ ಬಂತು. ಹಣ ಒಳ್ಳೆಯ ಆಟಗಾರನನ್ನು ಹುಟ್ಟಿಸುವುದಿಲ್ಲ. ಹುಟ್ಟಿದವನನ್ನು ಹುಡುಕಲು, ಹುಡುಕಿದವನನ್ನು ಉಳಿಸಿಕೊಳ್ಳಲು ಅದನ್ನು ಬಳಸಿದರೆ ಮಾತ್ರ ಸಾರ್ಥಕ.

ಅದೃಷ್ಟಕ್ಕೆ ಕೆಲವರು ಹಾಗೆ ಬಳಸಿದರು. 2000ದಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿ ಬಂತು. ಚಿಕ್ಕ ಊರುಗಳಲ್ಲಿ ಪ್ರತಿಭೆ ಹುಡುಕಲೆಂದೇ ವೀಕ್ಷಕರನ್ನು ಕಳಿಸಲಾಯಿತು. ಖರಗ್‌ಪುರದಲ್ಲಿ ರೈಲ್ವೆ ಟಿಕೆಟ್ ತಪಾಸಕರಾಗಿದ್ದ ರಾಂಚಿಯ ಮಹೇಂದ್ರ ಸಿಂಗ್ ಧೋನಿ ಹೀಗೆ ಕಣ್ಣಿಗೆ ಬಿದ್ದವರು. ಅವರ ನಾಯಕತ್ವದಲ್ಲಿ ಭಾರತ 2007ರ ಟಿ20 ವಿಶ್ವಕಪ್, 2011ರ ವಿಶ್ವಕಪ್ ಎರಡನ್ನೂ ಗೆದ್ದಿತು. ಅಂಡರ್-19 ಮತ್ತು ಎ ತಂಡಗಳ ಜವಾಬ್ದಾರಿಯನ್ನು 2015ರಲ್ಲಿ ಹೊತ್ತ ರಾಹುಲ್ ದ್ರಾವಿಡ್ ಹುಡುಗರನ್ನು ತಯಾರು ಮಾಡುತ್ತ ಹೋದರು. ಅದರ ಫಲವನ್ನು ಜಗತ್ತು ಕಂಡದ್ದು 2021ರ ಜನವರಿಯಲ್ಲಿ, ಬ್ರಿಸ್ಬೇನಿನಲ್ಲಿ. ದೊಡ್ಡ ಹೆಸರಿನ ಬೌಲರುಗಳೆಲ್ಲ ಗಾಯಗೊಂಡಿದ್ದರು. ಸೇಲಂ ಬಳಿಯ ಹಳ್ಳಿಯ ನಟರಾಜನ್ ಮತ್ತು ವಾಷಿಂಗ್ಟನ್ ಸುಂದರ್ ಇಬ್ಬರಿಗೂ ಅದೇ ಮೊದಲ ಟೆಸ್ಟ್. ಹೈದರಾಬಾದಿನ ಆಟೊ ಚಾಲಕರ ಮಗ ಮೊಹಮ್ಮದ್ ಸಿರಾಜ್, ಪ್ರವಾಸದ ನಡುವೆ ತಂದೆ ತೀರಿಕೊಂಡರೂ ತಂಡದೊಂದಿಗೇ ಉಳಿದು ಎರಡನೆಯ ಇನಿಂಗ್ಸಿನಲ್ಲಿ 5 ವಿಕೆಟ್ ಪಡೆದರು. 1988ರ ಬಳಿಕ ಆಸ್ಟ್ರೇಲಿಯಾ ಅಲ್ಲಿಯವರೆಗೆ ಒಂದೂ ಟೆಸ್ಟ್ ಸೋಲದಿದ್ದ ಗಾಬಾ ಮೈದಾನದಲ್ಲಿ ಭಾರತ 328ರ ಗುರಿ ಮುಟ್ಟಿತು.

ರಣಜಿಯೂ ಬದಲಾಯಿತು. ನ್ಯಾಯಾಲಯ ಒತ್ತಾಯಿಸಿದ ಸುಧಾರಣೆಗಳಿಂದಾಗಿ 2018-19ರಲ್ಲಿ ಬಿಹಾರ, ಉತ್ತರಾಖಂಡ, ಈಶಾನ್ಯದ ರಾಜ್ಯಗಳು ಸೇರಿ 37 ತಂಡಗಳಾದವು. ಹಳೆಯ ದೊಡ್ಡ ತಂಡಗಳ ನಡುವೆ ವಿದರ್ಭ, ಸೌರಾಷ್ಟ್ರ, ಮಧ್ಯಪ್ರದೇಶ ಟ್ರೋಫಿ ಗೆದ್ದವು. 2025ರಲ್ಲಿ ಬಿಹಾರದ ಸಮಸ್ತಿಪುರ ಜಿಲ್ಲೆಯ 14 ವರ್ಷದ ವೈಭವ್ ಸೂರ್ಯವಂಶಿ ಐಪಿಎಲ್ಲಿನಲ್ಲಿ 35 ಎಸೆತಗಳಲ್ಲಿ ಶತಕ ಹೊಡೆದ. ಬಿಹಾರಕ್ಕೆ ತಂಡವೇ ಇಲ್ಲದಿದ್ದ ವರ್ಷಗಳಲ್ಲಿ ಇಂಥ ಎಷ್ಟು ಹುಡುಗರು ಯಾರ ಕಣ್ಣಿಗೂ ಬೀಳದೆ ಹೋದರೋ!

ಹೆಣ್ಣುಮಕ್ಕಳ ಐವತ್ತು ವರ್ಷ

ಎಲ್ಲರಿಗಿಂತ ಹೆಚ್ಚು ಕಾಲ ಹೊರಗೆ ನಿಂತವರು ಹೆಣ್ಣುಮಕ್ಕಳು. ಮಹಿಳಾ ಕ್ರಿಕೆಟ್ ಸಂಸ್ಥೆ 1973ರಲ್ಲಿ ಹುಟ್ಟಿತು. 1976ರ ಅಕ್ಟೋಬರ್ 31ರಂದು ನಮ್ಮ ಬೆಂಗಳೂರಿನಲ್ಲಿ, ಬೆಂಗಳೂರಿನವರೇ ಆದ ಶಾಂತಾ ರಂಗಸ್ವಾಮಿ ಅವರ ನಾಯಕತ್ವದಲ್ಲಿ ಭಾರತ ವೆಸ್ಟ್ ಇಂಡೀಸ್ ವಿರುದ್ಧ ಮೊದಲ ಮಹಿಳಾ ಟೆಸ್ಟ್ ಆಡಿತು. ಪುರುಷರ ಮೊದಲ ಗೆಲುವಿಗೆ ಇಪ್ಪತ್ತು ವರ್ಷ ಬೇಕಾಗಿತ್ತು. ಇವರು ಅದೇ ಸರಣಿಯಲ್ಲಿ ಪಟನಾದಲ್ಲಿ ಗೆದ್ದರು. ಮರುವರ್ಷ ಡುನೆಡಿನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 108 ರನ್ ಗಳಿಸಿದ ಶಾಂತಾ, ಟೆಸ್ಟ್ ಶತಕ ಹೊಡೆದ ಮೊದಲ ಭಾರತೀಯ ಮಹಿಳೆಯಾದರು.

ಆ ತಲೆಮಾರಿನವರು ಕಾಯ್ದಿರಿಸದ ರೈಲು ಬೋಗಿಗಳಲ್ಲಿ ಪ್ರಯಾಣ ಮಾಡಿದರು, ಡಾರ್ಮಿಟರಿಗಳಲ್ಲಿ ನೆಲದ ಮೇಲೆ ಮಲಗಿದರು, ತಂಡಕ್ಕಿದ್ದ ಕೆಲವೇ ಬ್ಯಾಟುಗಳನ್ನು ಹಂಚಿಕೊಂಡು ಆಡಿದರು. ಹೊಟ್ಟೆಪಾಡಿಗೆ ಬ್ಯಾಂಕು, ರೈಲ್ವೆ ನೌಕರಿ. ಮಹಿಳಾ ಕ್ರಿಕೆಟ್ ಬಿಸಿಸಿಐ ತೆಕ್ಕೆಗೆ ಬಂದದ್ದು 2006ರಲ್ಲಿ, ಮೊದಲ ಟೆಸ್ಟ್ ಆಡಿ ಮೂವತ್ತು ವರ್ಷವಾದ ಮೇಲೆ.

2017ರ ವಿಶ್ವಕಪ್ ಜನರ ಮನಸ್ಸನ್ನು ತಿರುಗಿಸಿತು. ಹರ್ಮನ್‌ಪ್ರೀತ್ ಕೌರ್ ಸೆಮಿಫೈನಲ್ಲಿನಲ್ಲಿ ಆಸ್ಟ್ರೇಲಿಯಾ ಎದುರು ಅಜೇಯ 171 ರನ್ ಹೊಡೆದರು. ಸೆಮಿಫೈನಲ್ಲಿಗೇರಲು ಗೆಲ್ಲಲೇಬೇಕಿದ್ದ ನ್ಯೂಜಿಲೆಂಡ್ ಪಂದ್ಯದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ 70 ರನ್ ಗಳಿಸಿದರೆ, ವಿಜಯಪುರದ ರಾಜೇಶ್ವರಿ ಗಾಯಕವಾಡ 15 ರನ್ನಿಗೆ 5 ವಿಕೆಟ್ ಕಿತ್ತರು. ಫೈನಲ್ಲಿನಲ್ಲಿ ಭಾರತ ಸೋತದ್ದು ಬರೀ 9 ರನ್ನಿನಿಂದ. 2022ರಲ್ಲಿ ಪಂದ್ಯ ಶುಲ್ಕ ಪುರುಷರಿಗೆ ಸಮನಾಯಿತು, 2023ರಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಬಂತು.

2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದರು. ಆ ಫೈನಲ್ಲಿನಲ್ಲಿ 87 ರನ್ ಹೊಡೆದ ರೋಹತಕ್‌ನ ಶಫಾಲಿ ವರ್ಮಾ, ಚಿಕ್ಕವಳಿದ್ದಾಗ ಊರಿನ ಅಕಾಡೆಮಿಗಳಲ್ಲಿ ಹುಡುಗಿಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ತಂದೆ ಕೂದಲು ಕತ್ತರಿಸಿ ಮಗಳನ್ನು ಹುಡುಗರ ಜತೆ ಆಡಲು ಬಿಟ್ಟರು. ಇದು ಹಳೆಯ ಕಾಲದ ಮಾತಲ್ಲ, ಇತ್ತೀಚಿನದು. ಬಾಲೂ ಅವರ ಮಣ್ಣಿನ ಕುಡಿಕೆಗೂ ಈ ಕತ್ತರಿಸಿದ ಕೂದಲಿಗೂ ನಡುವೆ ನೂರು ವರ್ಷಕ್ಕೂ ಹೆಚ್ಚು ಅಂತರವಿದ್ದರೂ ಹಿಂದಿರುವ ಅನ್ಯಾಯ ಒಂದೇ ಜಾತಿಯದು.

ಉಳಿದಿರುವ ಕೆಲಸ

ಹಾಗಾದರೆ ಎಲ್ಲರೂ ಒಳಗೆ ಬಂದಾಯಿತೇ? ಇಲ್ಲ. ಬಾಲೂ ಹುಟ್ಟಿದ ದೇಶದಲ್ಲಿ ದಲಿತ, ಆದಿವಾಸಿ ಮನೆಗಳಿಂದ ಭಾರತ ತಂಡದವರೆಗೆ ತಲುಪಿದವರು ಇಷ್ಟು ಕಡಿಮೆ ಏಕೆ ಎಂದು ಕೇಳುವ ಧೈರ್ಯ ನಮಗಿರಬೇಕು. ಒಳ್ಳೆಯ ಬ್ಯಾಟು, ಪ್ಯಾಡು, ಅಕಾಡೆಮಿಯ ಶುಲ್ಕ ಬಡ ತಂದೆತಾಯಿಯರ ಕೈಗೆ ಎಟುಕುವಂತಿಲ್ಲ. ಮಹಿಳೆಯರಿಗೆ ಟೆಸ್ಟ್ ಪಂದ್ಯಗಳು ಇವತ್ತಿಗೂ ಅಪರೂಪ. ಬೆಂಗಳೂರಿನಂಥ ನಗರಗಳಲ್ಲಿ ಮಕ್ಕಳು ಆಡುವ ಬಯಲುಗಳು ಒಂದೊಂದಾಗಿ ಕಟ್ಟಡಗಳಾಗುತ್ತಿವೆ.

ನೋಡುವ ಜನರನ್ನೂ ನಾವು ಆಟದ ಪಾಲುದಾರರೆಂದು ಭಾವಿಸಬೇಕು. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಐಪಿಎಲ್ ಗೆಲುವಿನ ಸಂಭ್ರಮಕ್ಕೆಂದು ಬಂದ 11 ಜನ ಕಾಲ್ತುಳಿತದಲ್ಲಿ ಪ್ರಾಣ ಬಿಟ್ಟರು. ಅಭಿಮಾನಿಯ ಜೀವಕ್ಕೆ ಬೆಲೆ ಕೊಡದ ಯಾವ ಗೆಲುವೂ ದೊಡ್ಡದಲ್ಲ. ಆ ಮನೆಗಳ ದುಃಖವನ್ನು ನೆನೆಯದೆ ಇವತ್ತು ಕರ್ನಾಟಕದಲ್ಲಿ ಕ್ರಿಕೆಟ್ ಬಗ್ಗೆ ಮಾತಾಡುವುದು ಸರಿಯಲ್ಲ ಎಂದು ನನಗನ್ನಿಸುತ್ತದೆ.

ಮುಂದಿನ ಕಪಿಲ್, ಮುಂದಿನ ಶಾಂತಾ ಎಲ್ಲಿಂದ ಬರುತ್ತಾರೆಂದು ಯಾರೂ ಹೇಳಲಾರರು. ಕೊಪ್ಪಳದ ಹಳ್ಳಿಯಿಂದ ಬರಬಹುದು, ಕೊಡಗಿನ ತೋಟದ ಲೈನ್‌ಮನೆಯಿಂದ ಬರಬಹುದು. ಅವರಿಗೆ ಮೊದಲು ಬೇಕಾಗುವುದು ಕೋಟಿಗಟ್ಟಲೆ ಹಣವಲ್ಲ. ಸಂಜೆ ಹೊತ್ತು ಆಡಲು ಒಂದು ಬಯಲು, ತಿದ್ದಿ ಹೇಳುವ ಒಬ್ಬ ಮೇಷ್ಟ್ರು, ಬೇಡವೆನ್ನದ ಒಂದು ಮನೆ. ಆದ್ದರಿಂದ ಈ ಸಭೆಯಲ್ಲಿರುವ ನಿಮ್ಮೆಲ್ಲರಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಊರಿನ, ನಿಮ್ಮ ಬಡಾವಣೆಯ, ನಿಮ್ಮ ಶಾಲೆಯ ಆಟದ ಬಯಲನ್ನು ಉಳಿಸಿಕೊಳ್ಳಿ. ಯಾವ ಜಾತಿ, ಯಾವ ಧರ್ಮ, ಹುಡುಗನೋ ಹುಡುಗಿಯೋ ಎಂದು ಕೇಳದೆ ಎಲ್ಲ ಮಕ್ಕಳಿಗೂ ಅಲ್ಲಿ ಆಡಲು ಬಿಡಿ. ಭಾರತದ ಕ್ರಿಕೆಟ್ಟಿಗೆ ನೀವು ಮಾಡಬಹುದಾದ ಇದಕ್ಕಿಂತ ದೊಡ್ಡ ಸೇವೆ ಇನ್ನೊಂದಿಲ್ಲ.